ಗಿರಾಕಿಯ ಕೈಯಲ್ಲಿ ಉಳಿಯುವ ಗಿಫ್ಟ್ ಯಾವುದು?

ವ್ಯಾಪಾರದ ಗಿರಾಕಿಗಳಿಗೆ ಕೊಡುವ ಗಿಫ್ಟುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ನಿರೀಕ್ಷಿಸಿದ್ದಕ್ಕಿಂತ ಜಾಸ್ತಿ ಪತ್ರಗಳು ಬಂದಿವೆ. ಒಂದೇ ತರಹದವನ್ನು ಒಟ್ಟಿಗೆ ಸೇರಿಸಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ನಾನು ವರ್ಷಗಟ್ಟಲೆ ಪ್ರಿಂಟಿಂಗ್ ಕೆಲಸ ಮಾಡಿದವನು. ಬೇರೆಯವರಿಗೆ ಇಂಥ ಗಿಫ್ಟುಗಳನ್ನು ಮಾಡಿಸಿಕೊಟ್ಟಿದ್ದೇನೆ, ನನ್ನ ಗಿರಾಕಿಗಳಿಗೂ ಕೊಟ್ಟಿದ್ದೇನೆ. ಹಾಗಾಗಿ ಉತ್ತರಗಳಲ್ಲಿ ನನ್ನ ಅನುಭವವೂ ಸೇರಿದೆ, ನನ್ನ ತಪ್ಪುಗಳೂ ಸೇರಿವೆ.

ಪ್ರಶ್ನೆ: ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ ನನ್ನದು. ಸುಮಾರು 140 ಗಿರಾಕಿಗಳಿದ್ದಾರೆ, ಎಲ್ಲರೂ ಕಂಪನಿಗಳೇ. ಎಲ್ಲರಿಗೂ ಒಂದೇ ಗಿಫ್ಟ್ ಕೊಡಬೇಕು, ನಮ್ಮ ಲೋಗೋ ದೊಡ್ಡದಾಗಿ ಎದ್ದು ಕಾಣಬೇಕು ಅಂತ ಆಸೆ. ಗೋಡೆ ಗಡಿಯಾರ ಕೊಡಲಾ, ನೀರಿನ ಬಾಟಲಿ ಕೊಡಲಾ?

ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಒಂದು ಕಾಗದ ತಗೊಂಡು ಕೂತು, ಒಂದೊಂದು ಕಂಪನಿಯಲ್ಲೂ ನಿಮ್ಮ ಜೊತೆ ನಿಜವಾಗಿ ಕೆಲಸ ಮಾಡುವವರು ಯಾರು ಅಂತ ಬರೆಯಿರಿ. ಮಾಲೀಕರ ಹೆಸರಲ್ಲ. ಆರ್ಡರ್ ಕೊಡಲು ಫೋನ್ ಮಾಡುವವರು ಯಾರು, ಲಾರಿ ಬಂದಾಗ ಪೆಟ್ಟಿಗೆ ಎಣಿಸಿ ಇಳಿಸಿಕೊಳ್ಳುವವರು ಯಾರು, ಬಿಲ್ ಪಾಸ್ ಮಾಡುವವರು ಯಾರು. ಮಾಲೀಕರ ಕೋಣೆಗೆ ಇಂಥ ಗಿಫ್ಟುಗಳು ಬೇಕಾದಷ್ಟು ಬರುತ್ತವೆ. ಗೋದಾಮಿನಲ್ಲಿ ನಿಂತು ನಿಮ್ಮ ಮಾಲು ಇಳಿಸಿಕೊಳ್ಳುವ ಸ್ಟೋರ್ ಕೀಪರಿಗೆ ಏನೂ ಬರುವುದಿಲ್ಲ. ಆದರೆ ನಿಮ್ಮ ಪೆಟ್ಟಿಗೆ ಚೆನ್ನಾಗಿದೆ, ಅಳತೆ ಸರಿಯಾಗಿದೆ ಎಂದು ಒಳಗೆ ಹೇಳುವವರು ಅವರೇ ಅಲ್ವಾ?

ಇನ್ನು ವಸ್ತುವಿನ ವಿಷಯ. ನಿಮ್ಮ ವ್ಯಾಪಾರಕ್ಕೆ ನನಗೆ ತಕ್ಷಣ ಹೊಳೆದದ್ದು ಅಳತೆ ಟೇಪು. ಮೂರು ಮೀಟರಿನದ್ದು, ಜೇಬಿಗೆ ಹಿಡಿಯುವಂಥದ್ದು. ಪೆಟ್ಟಿಗೆಯ ಆರ್ಡರಿನಲ್ಲಿ ಆಗುವ ದೊಡ್ಡ ಗೊಂದಲ ನಿಮಗೆ ಗೊತ್ತೇ ಇದೆ. ಗಿರಾಕಿ ಹೊರಗಿನ ಅಳತೆ ಹೇಳುತ್ತಾರೆ, ನೀವು ಒಳಗಿನ ಅಳತೆ ಅಂದುಕೊಂಡು ಮಾಡುತ್ತೀರಿ. ಅಥವಾ ಅವರು ಎತ್ತರ ಮೊದಲು ಹೇಳಿ ಅಗಲ ಆಮೇಲೆ ಹೇಳಿರುತ್ತಾರೆ. ಸಾವಿರ ಪೆಟ್ಟಿಗೆ ವಾಪಸ್ ಬರುತ್ತವೆ. ಆ ಟೇಪಿನ ಒಂದು ಬದಿಯಲ್ಲಿ "ಒಳ ಅಳತೆ: ಉದ್ದ × ಅಗಲ × ಎತ್ತರ" ಅಂತ ಸಣ್ಣದಾಗಿ ಅಚ್ಚು ಹಾಕಿಸಿ, ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ. ಆ ಮನುಷ್ಯ ಪ್ರತಿ ಸಲ ಅಳತೆ ತೆಗೆಯುವಾಗ ಅದು ಕಣ್ಣ ಮುಂದೆ ಇರುತ್ತದೆ. ಅಳತೆ ತೆಗೆದ ಮೇಲೆ ಮುಂದಿನ ಕೆಲಸ ಆರ್ಡರ್ ಕೊಡುವುದು. ಆಗ ನಿಮ್ಮ ನಂಬರ್ ಅವರ ಕೈಯಲ್ಲೇ ಇದೆ. ಗಡಿಯಾರಕ್ಕೆ ಈ ಕೆಲಸ ಮಾಡಲು ಆಗುವುದಿಲ್ಲ.

ಬಿಲ್ ಪಾಸ್ ಮಾಡುವವರಿಗೆ ಅಳತೆ ಟೇಪು ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಅವರಿಗೆ ಮೇಜಿನ ಮೇಲೆ ಉಪಯೋಗಕ್ಕೆ ಬರುವುದು ಬೇಕು. ಒಳ್ಳೆಯ ಸ್ಟೇಪ್ಲರ್ ಇರಬಹುದು, ದಪ್ಪ ಕಾಗದದ ನೋಟ್ ಪ್ಯಾಡ್ ಇರಬಹುದು. ಅಂದರೆ ಎಲ್ಲರಿಗೂ ಒಂದೇ ಗಿಫ್ಟ್ ಎನ್ನುವ ಆಸೆಯನ್ನು ಬಿಡಬೇಕಾಗುತ್ತದೆ. ಎರಡು ಅಥವಾ ಮೂರು ತರಹ ಮಾಡಿಸಿ, ಅದಕ್ಕಿಂತ ಜಾಸ್ತಿ ಬೇಡ. ತರಹ ಹೆಚ್ಚಾದಷ್ಟೂ ಒಂದೊಂದರ ಸಂಖ್ಯೆ ಕಡಿಮೆಯಾಗಿ ಪ್ರಿಂಟಿಂಗ್ ಖರ್ಚು ಏರುತ್ತದೆ.

ಲೋಗೋ ದೊಡ್ಡದಾಗಿ ಬೇಕು ಎಂದಿದ್ದೀರಿ. ನಿಮ್ಮ ಲೋಗೋ ಮೇಲೆ ನಿಮಗಿರುವ ಪ್ರೀತಿ ನನಗೆ ಅರ್ಥವಾಗುತ್ತದೆ, ಕಷ್ಟಪಟ್ಟು ಕಟ್ಟಿದ ಹೆಸರು ಅದು. ಆದರೆ ನೀವೇ ಯೋಚಿಸಿ. ಬೇರೆ ಕಂಪನಿಯ ಹೆಸರು ಎದೆಯಗಲ ಬರೆದ ಬಾಟಲಿಯನ್ನು ನೀವು ಮೀಟಿಂಗಿಗೆ ತಗೊಂಡು ಹೋಗುತ್ತೀರಾ? ಹೋಗುವುದಿಲ್ಲ. ಅದು ಮನೆಯ ಅಟ್ಟ ಸೇರುತ್ತದೆ. ಅಟ್ಟದ ಮೇಲಿರುವ ದೊಡ್ಡ ಲೋಗೋಗಿಂತ ಕೈಯಲ್ಲಿರುವ ಸಣ್ಣ ಲೋಗೋ ಎಷ್ಟೋ ಮೇಲು. ಹೆಬ್ಬೆರಳಿನ ಉಗುರಿನಷ್ಟು ಇದ್ದರೆ ಸಾಕು. ಸಾಧ್ಯವಾದರೆ ನಿಮ್ಮ ಲೋಗೋ ಹಿಂಬದಿಗೆ ಹೋಗಲಿ, ಮುಂದೆ ಪಡೆಯುವವರ ಹೆಸರು ಬರಲಿ. ತಮ್ಮ ಹೆಸರು ಇರುವ ವಸ್ತುವನ್ನು ಯಾರೂ ಬೇಗ ಬಿಸಾಡುವುದಿಲ್ಲ.

ಪ್ರಶ್ನೆ: ಎಲ್ಲರೂ ಮೊಬೈಲಿನಲ್ಲೇ ಬರೆದುಕೊಳ್ಳುವ ಕಾಲದಲ್ಲಿ ಪೆನ್ ಕೊಡುವುದು ಹಳೇ ಪದ್ಧತಿ ಆಯಿತಾ?

ಆಗಿಲ್ಲ. ಸಹಿ ಹಾಕಲು, ಚಲನ್ ಮೇಲೆ ಗೀಚಲು, ಪೆಟ್ಟಿಗೆ ಮೇಲೆ ಬರೆಯಲು ಪೆನ್ ಬೇಕೇ ಬೇಕು. ಆದರೆ ಬರೆಯುವ ಪೆನ್ ಕೊಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಒಮ್ಮೆ ನಾನೇ ಕೊಟ್ಟ ಪೆನ್ನಿನಲ್ಲಿ ಒಬ್ಬ ಗಿರಾಕಿ ನನ್ನ ಮುಂದೆಯೇ ಚೆಕ್ಕಿಗೆ ಸಹಿ ಹಾಕಲು ಹೋದರು. ಅರ್ಧ ಸಹಿಗೆ ಪೆನ್ ನಿಂತಿತು. ಅವರು ಪಕ್ಕದ ಕಾಗದದ ಮೇಲೆ ನಾಲ್ಕು ಸುತ್ತು ಗೀಚಿದರು. ಕಾಗದದಲ್ಲಿ ಗೆರೆ ಬಿತ್ತು, ಬಣ್ಣ ಬರಲಿಲ್ಲ. ಪೆನ್ನಿನ ಮೇಲೆ ಮಾತ್ರ ನನ್ನ ಅಂಗಡಿಯ ಹೆಸರು ಹೊಳೆಯುತ್ತಿತ್ತು. ಅವರು ಏನೂ ಹೇಳದೆ ಬೇರೆ ಪೆನ್ ತೆಗೆದರು. ಆವತ್ತು ನನಗಾದ ಸಂಕಟ ಇವತ್ತಿಗೂ ನೆನಪಿದೆ.

ಬಾಲ್ ಪೆನ್ನಿನ ಜೀವ ಇರುವುದು ರಿಫಿಲ್ಲಿನಲ್ಲಿ, ಹೊರಗಿನ ಕೊಳವೆಯಲ್ಲಲ್ಲ. ತುದಿಯಲ್ಲಿ ಒಂದು ಪುಟ್ಟ ಗುಂಡು ಇರುತ್ತದೆ, ಸಾಮಾನ್ಯವಾಗಿ 0.7 ಅಥವಾ 1.0 ಮಿಲಿಮೀಟರಿನದ್ದು. ಅದು ಉರುಳುತ್ತಾ ಒಳಗಿನ ದಪ್ಪ ಶಾಯಿಯನ್ನು ಕಾಗದಕ್ಕೆ ತರುತ್ತದೆ. ಹಂಗೇರಿಯ ಲಾಸ್ಲೋ ಬಿರೋ 1938ರಲ್ಲಿ ಪೇಟೆಂಟ್ ಪಡೆದ ಪೆನ್ನಿನ ಉಪಾಯವೂ ಇದೇ. ಗುಂಡು ಕೂರುವ ಜಾಗ ಸ್ವಲ್ಪ ಸಡಿಲವಾದರೆ ಶಾಯಿ ಸೋರುತ್ತದೆ, ಬಿಗಿಯಾದರೆ ಅಕ್ಷರ ತಪ್ಪುತ್ತದೆ. ಅಗ್ಗದ ಪೆನ್ನುಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಹಾಗಾಗಿ ಆರ್ಡರಿಗೆ ಮುಂಚೆ ಹತ್ತು ಸ್ಯಾಂಪಲ್ ತರಿಸಿ. ಒಂದು ವಾರ ನಿಮ್ಮ ಆಫೀಸಿನವರ ಕೈಗೆ ಕೊಟ್ಟು ಬಿಡಿ. ಹತ್ತರಲ್ಲಿ ಎರಡು ಕೈಕೊಟ್ಟರೂ ಆ ಮಾಡೆಲ್ ಬೇಡ. ಇನ್ನೊಂದು ಮಾತು, ರಿಫಿಲ್ ಬದಲಾಯಿಸಲು ಆಗುತ್ತದಾ ನೋಡಿ. ಪಾರ್ಕರ್ ಮಾದರಿಯ ರಿಫಿಲ್ ಅಂತ ಒಂದು ಅಳತೆ ಇದೆ, ಜಿ2 ಎಂದೂ ಕರೆಯುತ್ತಾರೆ, ಹಲವು ಕಂಪನಿಗಳು ಅದನ್ನು ಮಾಡುತ್ತವೆ. ಅದು ಹಿಡಿಯುವ ಪೆನ್ನಾದರೆ ಶಾಯಿ ಮುಗಿದ ಮೇಲೂ ನಿಮ್ಮ ಹೆಸರು ಅವರ ಜೇಬಿನಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ಗಿರಾಕಿಗಳು ಹೆಚ್ಚಿನವರು ಸಾಫ್ಟ್‌ವೇರ್ ಕಂಪನಿಯವರು. ಪೆನ್ ಡ್ರೈವ್ ಅಥವಾ ಪವರ್ ಬ್ಯಾಂಕ್ ಕೊಟ್ಟರೆ ಹೇಗೆ?

ಪೆನ್ ಡ್ರೈವ್ ಬೇಡ. ಹೊರಗಿನಿಂದ ಬಂದ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಬಾರದು ಎಂಬ ನಿಯಮ ಇಂಥ ಕಂಪನಿಗಳಲ್ಲಿ ಸಾಮಾನ್ಯ, ಎಷ್ಟೋ ಕಡೆ ಪೋರ್ಟನ್ನೇ ಬಂದ್ ಮಾಡಿರುತ್ತಾರೆ. ವೈರಸ್ ಬರುವ ದಾರಿ ಅದು, ಅವರ ಭಯ ಸರಿಯಾಗಿಯೇ ಇದೆ. ನೀವು ಪ್ರೀತಿಯಿಂದ ಕೊಟ್ಟರೂ ಅವರಿಗೆ ಅದು ತಲೆನೋವು.

ಪವರ್ ಬ್ಯಾಂಕ್ ಒಳ್ಳೆಯದೇ, ಆದರೆ ಜವಾಬ್ದಾರಿ ಜಾಸ್ತಿ. ಒಳಗಿರುವುದು ಲಿಥಿಯಂ ಬ್ಯಾಟರಿ. ಕಳಪೆಯಾದರೆ ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. ಹಾಗಾಗುವ ವಸ್ತುವಿನ ಮೇಲೆ ನಿಮ್ಮ ಹೆಸರು ಇರುವುದನ್ನು ಕಲ್ಪಿಸಿಕೊಳ್ಳಿ. ಬಜೆಟ್ ಕಡಿಮೆ ಇದ್ದರೆ ಈ ಯೋಚನೆಯನ್ನೇ ಬಿಡಿ. ಕೊಡುವುದಾದರೆ ಗೊತ್ತಿರುವ ಬ್ರ್ಯಾಂಡಿನದ್ದೇ ಕೊಡಿ, ಯುಎನ್ 38.3 ಎಂಬ ಸಾಗಣೆ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಲಿಥಿಯಂ ಬ್ಯಾಟರಿಗಳನ್ನು ಸಾಗಿಸಲು ಈ ಪರೀಕ್ಷೆ ಪಾಸಾಗಿರಬೇಕು. ಅದು ಇಲ್ಲದಿದ್ದರೆ ಕೊರಿಯರ್‌ನವರು ಪಾರ್ಸಲ್ಲನ್ನೇ ನಿರಾಕರಿಸಬಹುದು.

ನಿಮ್ಮ ಗಿರಾಕಿಗಳು ವಿಮಾನದಲ್ಲಿ ಓಡಾಡುವವರಾದರೆ ಇನ್ನೊಂದು ಲೆಕ್ಕ ಇದೆ. ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು, ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಎನ್ನುವುದನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. 100 ವ್ಯಾಟ್-ಅವರ್ ತನಕ ಸಾಮಾನ್ಯವಾಗಿ ಒಪ್ಪುತ್ತಾರೆ, ಅದನ್ನು ದಾಟಿ 160ರ ತನಕ ಏರ್‌ಲೈನಿನ ಅನುಮತಿ ಬೇಕು. ಲೆಕ್ಕ ಸುಲಭ. ಆಂಪಿಯರ್-ಅವರ್ ಸಂಖ್ಯೆಯನ್ನು 3.7 ವೋಲ್ಟಿನಿಂದ ಗುಣಿಸಿ. 10,000 ಮಿಲಿ ಆಂಪಿಯರ್-ಅವರ್ ಅಂದರೆ 10, ಅದು 37 ವ್ಯಾಟ್-ಅವರ್. 20,000 ಆದರೆ 74. ಇವೆರಡೂ ಸರಿ. ಗಿಫ್ಟಿಗೆ 10,000ದ್ದೇ ಸಾಕು, ತೂಕವೂ ಕಡಿಮೆ. ಇದರಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಸಾಮರ್ಥ್ಯ ಬರೆದಿರುವ ಜಾಗದ ಮೇಲೆಯೇ ಲೋಗೋ ಅಚ್ಚು ಹಾಕಿಸುತ್ತಾರೆ. ಸೆಕ್ಯೂರಿಟಿಯವರಿಗೆ ಆ ಅಕ್ಷರಗಳು ಓದಲು ಸಿಗದಿದ್ದರೆ ನಿಮ್ಮ ಗಿಫ್ಟ್ ಏರ್‌ಪೋರ್ಟಿನ ಕಸದ ಡಬ್ಬಿ ಸೇರಬಹುದು. ಲೋಗೋ ಇನ್ನೊಂದು ಬದಿಗೆ ಹಾಕಿಸಿ.

ಪ್ರಶ್ನೆ: ಸ್ಟೀಲ್ ಬಾಟಲಿ ಮಾಡಿಸಿದೆವು. ನಮ್ಮ ಲೋಗೋದ ನೀಲಿ ಬಣ್ಣ ನೇರಳೆಯಾಗಿ ಬಂದಿದೆ, ಎರಡು ತಿಂಗಳಿಗೆ ಉದುರಲು ಶುರುವಾಗಿದೆ. ಮುಂದಿನ ಸಲ ಏನು ನೋಡಿಕೊಳ್ಳಬೇಕು?

ಇದು ನನ್ನ ಕಸುಬಿನ ಪ್ರಶ್ನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದಾಗಿ, ನೀವು ಪ್ರಿಂಟರಿಗೆ ಕಳಿಸಿದ್ದು ಏನು? ವಾಟ್ಸಾಪಿನಲ್ಲಿ ಬಂದ ಜೆಪೆಗ್ ಚಿತ್ರವೇ? ಹಾಗಾದರೆ ಅರ್ಧ ತಪ್ಪು ಅಲ್ಲೇ ಆಗಿದೆ. ಆ ಚಿತ್ರ ಚುಕ್ಕಿಗಳಿಂದ ಆಗಿರುತ್ತದೆ, ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ. ಲೋಗೋ ಮಾಡಿಕೊಟ್ಟ ಡಿಸೈನರ್ ಹತ್ತಿರ ವೆಕ್ಟರ್ ಫೈಲ್ ಕೇಳಿ, ಎಸ್‌ವಿಜಿ ಅಥವಾ ಕೋರೆಲ್ ಡ್ರಾ ಫೈಲ್, ಇಲ್ಲವೇ ವೆಕ್ಟರ್ ಇರುವ ಪಿಡಿಎಫ್. ಅದನ್ನು ಉಗುರಿನಷ್ಟು ಮಾಡಿದರೂ ಗೋಡೆಯಷ್ಟು ಮಾಡಿದರೂ ಅಂಚು ಚೊಕ್ಕವಾಗಿರುತ್ತದೆ.

ಬಣ್ಣಕ್ಕೆ "ನಮ್ಮದು ಕಡು ನೀಲಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ನಿಮ್ಮ ಕಡು ನೀಲಿಯೇ ಬೇರೆ, ನನ್ನದೇ ಬೇರೆ. ಪ್ಯಾಂಟೋನ್ ನಂಬರ್ ಕೊಡಿ. 1963ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ನಂಬರ್ ಇದೆ, ಪ್ರಿಂಟರುಗಳ ಹತ್ತಿರ ಅದರ ಬಣ್ಣದ ಪಟ್ಟಿ ಇರುತ್ತದೆ. ಮೊಬೈಲ್ ಪರದೆಯಲ್ಲಿ ನೋಡಿ ಬಣ್ಣ ಒಪ್ಪಬೇಡಿ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಬಾಟಲಿಯ ಮೇಲೆ ಬರುವುದು ಶಾಯಿ. ನೀಲಿ ನೇರಳೆಗೆ ತಿರುಗುವುದು ಈ ವ್ಯತ್ಯಾಸದಲ್ಲೇ ಜಾಸ್ತಿ.

ಉದುರುವುದಕ್ಕೆ ಕಾರಣ ಅಚ್ಚಿನ ವಿಧಾನ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಜಾಲರಿ, ಬಟ್ಟೆ ಚೀಲಕ್ಕೆ ಅದು ಚೆನ್ನ. ಪೆನ್ನಿನಂಥ ಗುಂಡಗಿನ ಪುಟ್ಟ ವಸ್ತುವಿಗೆ ಪ್ಯಾಡ್ ಪ್ರಿಂಟಿಂಗ್ ಮಾಡುತ್ತಾರೆ, ಮೆತ್ತನೆಯ ಸಿಲಿಕೋನ್ ಪ್ಯಾಡ್ ಶಾಯಿ ಎತ್ತಿ ತಂದು ಒತ್ತುತ್ತದೆ. ಆದರೆ ದಿನಾ ಕೈಯಲ್ಲಿ ಹಿಡಿದು, ಸೋಪಿನಿಂದ ತೊಳೆದು, ಬ್ಯಾಗಿನಲ್ಲಿ ಉಜ್ಜಾಡುವ ಸ್ಟೀಲ್ ಬಾಟಲಿಗೆ ನಾನು ಯಾವಾಗಲೂ ಲೇಸರ್ ಕೆತ್ತನೆಯನ್ನೇ ಹೇಳುತ್ತೇನೆ. ಅದರಲ್ಲಿ ಶಾಯಿಯೇ ಇಲ್ಲ, ಉದುರಲು ಏನೂ ಇರುವುದಿಲ್ಲ. ನಿಮ್ಮ ನೀಲಿ ಬಣ್ಣ ಅದರಲ್ಲಿ ಬರುವುದಿಲ್ಲ, ನಿಜ. ಲೋಹದ ಬಣ್ಣದಲ್ಲೇ ಲೋಗೋ ಕಾಣುತ್ತದೆ. ನನ್ನ ಕಣ್ಣಿಗೆ ಅದೇ ಚೆಂದ. ನೀಲಿ ಬೇಕೇ ಬೇಕಾದರೆ ನೀಲಿ ಲೇಪನ ಇರುವ ಬಾಟಲಿ ಆರಿಸಿಕೊಂಡು ಅದರ ಮೇಲೆ ಕೆತ್ತಿಸಿ.

ಬಾಟಲಿಯನ್ನೂ ಪರೀಕ್ಷಿಸಿ. ನೀರು ತುಂಬಿ, ಮುಚ್ಚಳ ಬಿಗಿಮಾಡಿ, ಒಂದು ದಿನಪತ್ರಿಕೆಯ ಮೇಲೆ ರಾತ್ರಿಯಿಡೀ ಅಡ್ಡ ಮಲಗಿಸಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಆ ಬಾಟಲಿ ನಿಮ್ಮ ಗಿರಾಕಿಯ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಪ್ಪು ನೋಡಲು ಕೊಡುವ ಮಾದರಿ ಪ್ರತಿ. ಒಂದು ವರ್ಷ ನಮ್ಮದೇ ಡೈರಿಗಳಲ್ಲಿ ಫೋನ್ ನಂಬರಿನ ಎರಡು ಅಂಕಿ ಅದಲು ಬದಲಾಗಿ 500 ಡೈರಿ ಅಚ್ಚಾದವು. ಪ್ರೂಫ್ ಮೂರು ಸಲ ನೋಡಿದ್ದು ನಾನೇ. ನಮ್ಮ ನಂಬರ್ ನಮಗೆ ಬಾಯಿಪಾಠ ಇರುತ್ತದೆ, ಹಾಗಾಗಿ ಕಣ್ಣು ಓದುವುದಿಲ್ಲ, ಮನಸ್ಸೇ ಓದಿಬಿಡುತ್ತದೆ. ಆವತ್ತಿನಿಂದ ಪ್ರೂಫ್ ಬಂದರೆ ಅದರಲ್ಲಿರುವ ನಂಬರನ್ನು ಒಂದೊಂದೇ ಅಂಕಿ ಒತ್ತಿ ಫೋನ್ ಮಾಡುತ್ತೇನೆ. ನಮ್ಮ ಅಂಗಡಿಯ ಫೋನ್ ರಿಂಗ್ ಆದರೆ ಮಾತ್ರ ಸಹಿ. ಕ್ಯೂಆರ್ ಕೋಡ್ ಇದ್ದರೆ ಅದನ್ನೂ ಅಚ್ಚಾಗುವ ಅಳತೆಯಲ್ಲೇ ಸ್ಕ್ಯಾನ್ ಮಾಡಿ ನೋಡಿ. ಆಮೇಲೆ ಒಂದೇ ಒಂದು ನಿಜವಾದ ಬಾಟಲಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಿದ ಮೇಲೆ ಪೂರ್ತಿ ಆರ್ಡರಿಗೆ ಒಪ್ಪಿಗೆ ಕೊಡಿ. ಇದಕ್ಕೆ ನಾಲ್ಕೈದು ದಿನ ತಡವಾಗಬಹುದು. ಆಗಲಿ.

ಪ್ರಶ್ನೆ: ಪರಿಸರಕ್ಕೆ ಒಳ್ಳೆಯದು ಅಂತ ಹತ್ತಿ ಚೀಲ ಕೊಡೋಣ ಎಂದಿದ್ದೇವೆ. ಸರಿ ತಾನೇ?

ಉಪಯೋಗಿಸುವವರಿಗೆ ಕೊಟ್ಟರೆ ಸರಿ. ಸುಮ್ನೆ ಹಂಚಿದರೆ ಅಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ ಬಹಳ ಬೇಕು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹವಾಮಾನದ ಲೆಕ್ಕ ಒಂದನ್ನೇ ಹಿಡಿದರೂ ಸಾಧಾರಣ ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಬೇಕು. ಬೇರೆ ಪರಿಣಾಮಗಳನ್ನೂ ಸೇರಿಸಿದರೆ ಆ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ಹಾಗಾಗಿ ವರ್ಷಗಟ್ಟಲೆ ಬಾಳುವ ಚೀಲವನ್ನೇ ಮಾಡಿಸಬೇಕು.

ಚೀಲ ಹರಿಯುವುದು ಬಟ್ಟೆಯಲ್ಲಲ್ಲ, ಹಿಡಿಯ ಬುಡದಲ್ಲಿ. ಸ್ಯಾಂಪಲ್ ಬಂದಾಗ ಅಲ್ಲಿ ನೋಡಿ. ಚೌಕಾಕಾರದ ಹೊಲಿಗೆಯ ಒಳಗೆ ಗುಣಿಸು ಚಿಹ್ನೆಯಂತೆ ಅಡ್ಡ ಹೊಲಿಗೆ ಇದೆಯಾ? ಒಂದೇ ಗೆರೆಯ ಹೊಲಿಗೆ ಇದ್ದರೆ ವಾಪಸ್ ಕಳಿಸಿ. ಐದು ಕಿಲೋ ಭಾರ ಹಾಕಿ ಒಂದು ದಿನ ಬಾಗಿಲ ಚಿಲಕಕ್ಕೆ ನೇತುಹಾಕಿ.

ಲೋಗೋ ಇರುವ ಚೀಲದ ಕಥೆ ಹಳೆಯದು. 1880ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೊಶಾಕ್ಟನ್ ಎಂಬ ಊರಿನಲ್ಲಿ ಜಾಸ್ಪರ್ ಮೀಕ್ ಎಂಬ ಮುದ್ರಕರು ಚಪ್ಪಲಿ ಅಂಗಡಿಯೊಂದರ ಜಾಹೀರಾತನ್ನು ಗೋಣಿ ಬಟ್ಟೆಯ ಚೀಲಗಳ ಮೇಲೆ ಅಚ್ಚು ಹಾಕಿಕೊಟ್ಟರು. ಅಂಗಡಿಯವರು ಅವನ್ನು ಶಾಲೆ ಮಕ್ಕಳಿಗೆ ಕೊಟ್ಟರು. ಮಕ್ಕಳಿಗೆ ಪುಸ್ತಕ ಹೊರಲು ಚೀಲ ಬೇಕಿತ್ತು, ಅದು ಸಿಕ್ಕಿತು. ಅಂಗಡಿಯ ಹೆಸರು ಅವರ ಜೊತೆ ಊರೆಲ್ಲಾ ಸುತ್ತಿತು. ಇವತ್ತು ನಾವು ಮಾಡುವುದೂ ಇದನ್ನೇ. ಬೇಕಾದವರಿಗೆ ಬೇಕಾದ್ದು ಸಿಕ್ಕಿದ್ದರಿಂದ ಅದು ನಡೆಯಿತು ಎನ್ನುವುದನ್ನು ಮಾತ್ರ ಎಷ್ಟೋ ಸಲ ಮರೆಯುತ್ತೇವೆ.

ಪ್ರಶ್ನೆ: ಹತ್ತು ವರ್ಷದ ಹಳೆಯ ಗಿರಾಕಿ, ಒಂದು ದೊಡ್ಡ ಕಂಪನಿ. ಅವರ ಪರ್ಚೇಸ್ ಮ್ಯಾನೇಜರಿಗೆ ಒಳ್ಳೆಯ ಚರ್ಮದ ಬ್ಯಾಗ್ ಕಳಿಸಿದೆ. "ಕಂಪನಿ ನಿಯಮ ಒಪ್ಪುವುದಿಲ್ಲ" ಎಂದು ವಾಪಸ್ ಕಳಿಸಿದರು. ಅವಮಾನವಾದಂತೆ ಆಯಿತು.

ನಿಮ್ಮ ಬೇಸರ ಸಹಜ. ಆದರೆ ಅವರು ನಿಮ್ಮನ್ನು ಅವಮಾನ ಮಾಡಿಲ್ಲ, ತಮ್ಮ ಕೆಲಸ ಉಳಿಸಿಕೊಂಡಿದ್ದಾರೆ. ಖರೀದಿ ವಿಭಾಗದವರ ಮೇಲೆ ಕಣ್ಣು ಇದ್ದೇ ಇರುತ್ತದೆ. ಅಮೆರಿಕದಲ್ಲಿ 1977ರಿಂದ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದರ ವಿರುದ್ಧ ಕಾನೂನಿದೆ. ಬ್ರಿಟನ್ನಿನ 2010ರ ಲಂಚ ತಡೆ ಕಾನೂನು ಖಾಸಗಿ ಕಂಪನಿಗಳ ನಡುವಿನ ವ್ಯವಹಾರಕ್ಕೂ ಅನ್ವಯಿಸುತ್ತದೆ. ದೇಶ ದೇಶಗಳಲ್ಲಿ ವ್ಯಾಪಾರ ಇರುವ ಕಂಪನಿಗಳು ಇಂಥ ಕಾನೂನುಗಳಿಗೆ ಹೆದರಿ ಎಲ್ಲ ಕಡೆಯೂ ಬಿಗಿ ನಿಯಮ ಮಾಡಿಕೊಂಡಿವೆ. ಅಮೆರಿಕದ ಔಷಧ ಕಂಪನಿಗಳ ಒಕ್ಕೂಟವಂತೂ 2009ರಿಂದ ವೈದ್ಯರಿಗೆ ಲೋಗೋ ಇರುವ ಪೆನ್ನು, ಮಗ್ಗು ಕೊಡುವುದನ್ನೂ ತನ್ನ ನೀತಿಸಂಹಿತೆಯಲ್ಲಿ ನಿಲ್ಲಿಸಿತು. ಪೆನ್ನಿಗೇ ಹೀಗಾದರೆ ಚರ್ಮದ ಬ್ಯಾಗಿನ ಗತಿ ಏನು ಹೇಳಿ.

ಮುಂದಿನ ಸಲ ಕಳಿಸುವ ಮೊದಲೇ ಒಂದು ಫೋನ್ ಮಾಡಿ, "ನಿಮ್ಮಲ್ಲಿ ಗಿಫ್ಟಿಗೆ ಏನಾದರೂ ಮಿತಿ ಇದೆಯಾ?" ಅಂತ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ, ಕೇಳಿದವರ ಮೇಲೆ ಗೌರವ ಹೆಚ್ಚುತ್ತದೆ. ವಸ್ತು ಸಾಧಾರಣ ಬೆಲೆಯದ್ದಾಗಿರಲಿ, ಆಫೀಸಿನ ವಿಳಾಸಕ್ಕೇ ಹೋಗಲಿ. ಮನೆಗೆ ಕಳಿಸಿದರೆ ಒಳ್ಳೆಯ ಉದ್ದೇಶವೂ ಕೆಟ್ಟದಾಗಿ ಕಾಣುತ್ತದೆ. ಟೆಂಡರ್ ನಡೆಯುತ್ತಿರುವಾಗ, ಕೊಟೇಶನ್ ಅವರ ಮೇಜಿನ ಮೇಲಿರುವಾಗ ಏನನ್ನೂ ಕಳಿಸಬೇಡಿ, ಒಂದು ಪೆನ್ನನ್ನೂ. ಒಬ್ಬರಿಗೆ ಕೊಡುವ ಬದಲು ಇಡೀ ವಿಭಾಗಕ್ಕೆ ಉಪಯೋಗವಾಗುವಂಥದ್ದು ಕೊಟ್ಟರೆ ಎಷ್ಟೋ ಕಡೆ ಒಪ್ಪುತ್ತಾರೆ, ದೊಡ್ಡ ಗೋಡೆ ಕ್ಯಾಲೆಂಡರೋ ವೈಟ್ ಬೋರ್ಡೋ. ವಾಪಸ್ ಬಂದ ಬ್ಯಾಗಿನ ವಿಷಯ ಮತ್ತೆ ಎತ್ತಬೇಡಿ. "ನಿಮ್ಮ ನಿಯಮ ಗೊತ್ತಿರಲಿಲ್ಲ, ತಿಳಿಸಿದ್ದು ಒಳ್ಳೆಯದಾಯಿತು" ಎಂದು ಒಂದು ಸಾಲು ಬರೆದು ಮುಗಿಸಿ.

ಪ್ರಶ್ನೆ: ಗಿಫ್ಟ್ ಯಾವಾಗ ಕೊಡಬೇಕು? ವರ್ಷದ ಕೊನೆಯಲ್ಲೇ ಕೊಡಬೇಕಾ? ಜೊತೆಗೆ ಕಾರ್ಡ್ ಇಡುವುದು ಅಗತ್ಯವಾ?

ವರ್ಷದ ಕೊನೆಗೆ ಅವರ ಮೇಜಿನ ಮೇಲೆ ಹತ್ತು ಡೈರಿ ಇರುತ್ತವೆ. ಅವರು ಬಳಸುವುದು ಒಂದನ್ನು. ನೀವು ಡೈರಿಯನ್ನೇ ಕೊಡುವವರಾದರೆ ಎಲ್ಲರಿಗಿಂತ ಮೊದಲು ತಲುಪಬೇಕು. ಇಲ್ಲದಿದ್ದರೆ ಬೇರೆ ದಿನ ಹುಡುಕಿ. ಅವರು ನಿಮಗೆ ಮೊದಲ ಆರ್ಡರ್ ಕೊಟ್ಟ ದಿನ ನಿಮ್ಮ ಬಿಲ್ ಪುಸ್ತಕದಲ್ಲಿ ಇದೆಯಲ್ಲ, ಅದು ಚೆನ್ನಾಗಿರುತ್ತದೆ. ಅಥವಾ ಒಂದು ದೊಡ್ಡ ಕೆಲಸ ಸುಸೂತ್ರವಾಗಿ ಮುಗಿದ ವಾರ.

ಕಾರ್ಡ್ ಬೇಕೇ ಬೇಕು. ಅಚ್ಚು ಹಾಕಿದ "ನಿಮ್ಮ ಸಹಕಾರಕ್ಕೆ ಧನ್ಯವಾದಗಳು" ಅಲ್ಲ, ಕೈಯಲ್ಲಿ ಬರೆದದ್ದು. ಮೂರು ಸಾಲು ಸಾಕು, ಅದರಲ್ಲಿ ಒಂದು ಸಾಲು ಅವರಿಗೆ ಮಾತ್ರ ಸಲ್ಲುವಂಥದ್ದಾಗಿರಲಿ. "ಮಾರ್ಚ್ ತಿಂಗಳಲ್ಲಿ ನಮ್ಮ ಲಾರಿ ಕೆಟ್ಟು ನಿಂತಾಗ ನೀವು ರಾತ್ರಿ ಎಂಟರವರೆಗೆ ಗೋದಾಮು ತೆರೆದಿಟ್ಟು ಕಾದಿರಿ, ಅದನ್ನು ನಾವು ಮರೆತಿಲ್ಲ" ಅಂತ ಒಮ್ಮೆ ಒಬ್ಬ ಸ್ಟೋರ್ ಕೀಪರಿಗೆ ಬರೆದಿದ್ದೆ. ಜೊತೆಗಿದ್ದದ್ದು ಒಂದು ಟಾರ್ಚು. ಎರಡು ವರ್ಷದ ಮೇಲೆ ಅಲ್ಲಿಗೆ ಹೋದಾಗ ಆ ಕಾರ್ಡು ಅವರ ರಿಜಿಸ್ಟರಿನ ಒಳರಟ್ಟಿಗೆ ಅಂಟಿಸಿತ್ತು.

ದಿನಕ್ಕೆ ಹತ್ತು ಕಾರ್ಡಿಗಿಂತ ಜಾಸ್ತಿ ಬರೆಯಲು ಹೋಗಬೇಡಿ, ಹನ್ನೊಂದನೆಯದರಿಂದ ಎಲ್ಲವೂ ಒಂದೇ ತರಹ ಆಗಿಬಿಡುತ್ತವೆ. ನೂರು ಜನರಿಗೆ ಕೊಡುವುದಾದರೆ ಹತ್ತು ದಿನ ಬೇಕು, ಗಿಫ್ಟ್ ಪ್ರಿಂಟಿಂಗಿಗೆ ಹೋದ ದಿನವೇ ಬರೆಯಲು ಶುರುಮಾಡಿ.